ರಂಧ್ರಗಳ ನಡುವಿನ ಹರಿವು: ಸಿಎಫ್‌ಡಿಯಲ್ಲಿ ಪೋರಸ್ ವಲಯ ಕಟ್ಟುವ ಬಗೆ

ಒಂದು ಕೊಳವೆಯ ತುಂಬ ಮೂರು ಮಿಲಿಮೀಟರ್ ವ್ಯಾಸದ ಗೋಲಿಗಳನ್ನು ಸುರಿದು ಅದರೊಳಗೆ ಗಾಳಿ ಊದುತ್ತೀರಿ ಅಂದುಕೊಳ್ಳಿ. ಗಾಳಿ ಒಂದೊಂದು ಗೋಲಿಯನ್ನೂ ಬಳಸುತ್ತದೆ, ಸಂದಿಯಲ್ಲಿ ನುಸುಳುತ್ತದೆ, ಕವಲಾಗುತ್ತದೆ, ಮತ್ತೆ ಕೂಡಿ ಮುಂದೆ ಹೋಗುತ್ತದೆ. ಇದನ್ನು ಇದ್ದ ಹಾಗೆಯೇ ಕಂಪ್ಯೂಟರಿನಲ್ಲಿ ಬಿಡಿಸಲು ಹೊರಟರೆ ಸಾಧಾರಣ ಗಾತ್ರದ ಕೊಳವೆಗೂ ಕೋಟಿಗಟ್ಟಲೆ ಸೆಲ್ (ಲೆಕ್ಕಕ್ಕಾಗಿ ಜಾಗವನ್ನು ಹಂಚಿಕೊಳ್ಳುವ ಪುಟ್ಟ ತುಣುಕುಗಳು) ಬೇಕಾಗುತ್ತವೆ. ಫಿಲ್ಟರ್, ಮರಳಿನ ಪದರ, ವಾಹನದ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ರೇಡಿಯೇಟರ್ ಎಲ್ಲದರಲ್ಲೂ ಇದೇ ತೊಂದರೆ.

ಅದಕ್ಕೇ ಸಿಎಫ್‌ಡಿಯಲ್ಲಿ, ಅಂದರೆ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆಯಲ್ಲಿ, ಪೋರಸ್ (ರಂಧ್ರಮಯ) ವಲಯ ಎಂಬ ಒಂದು ಅಡ್ಡದಾರಿ ಇದೆ. ಗೋಲಿಗಳನ್ನು ಬಿಡಿಸುವುದೇ ಇಲ್ಲ. ಅವು ಇರುವ ಜಾಗವನ್ನು ಖಾಲಿ ಜಾಗ ಎಂದೇ ಮೆಶ್ ಮಾಡುತ್ತೇವೆ, ಅಂದರೆ ಸೆಲ್‌ಗಳಾಗಿ ಹಂಚುತ್ತೇವೆ. ಆ ಜಾಗದಲ್ಲಿ ಹಾದುಹೋಗುವ ದ್ರವಕ್ಕೆ (ಗಾಳಿಯನ್ನೂ ಸೇರಿಸಿ ಹರಿಯುವ ಎಲ್ಲವನ್ನೂ ಇಲ್ಲಿ ದ್ರವ ಎನ್ನುತ್ತೇನೆ) ಮಾತ್ರ ಇಷ್ಟು ತಡೆ ಇದೆ ಎಂದು ಸಮೀಕರಣಕ್ಕೆ ಒಂದು ಪದ ಸೇರಿಸುತ್ತೇವೆ. ಆ ತಡೆಯನ್ನು ಎರಡು ಸಂಖ್ಯೆಗಳು ಹೇಳುತ್ತವೆ. ಒಳಗಿರುವುದು ಮರಳೋ, ಸ್ಪಂಜೋ, ಲೋಹದ ಜಾಲರಿಯೋ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ಆ ಎರಡು ಸಂಖ್ಯೆ ಸಾವಿರ ಪಟ್ಟು ತಪ್ಪಿದ್ದರೂ ಅದು ಸುಮ್ನೆ ಲೆಕ್ಕ ಮುಗಿಸಿ, ಬಣ್ಣಬಣ್ಣದ ಚಿತ್ರ ಕೊಡುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾನು ಮೆನುಗಳ ಬಗ್ಗೆ ಕಡಿಮೆ ಹೇಳುತ್ತೇನೆ, ಆ ಎರಡು ಸಂಖ್ಯೆಗಳ ಬಗ್ಗೆ ಜಾಸ್ತಿ ಹೇಳುತ್ತೇನೆ. ಕೆಲಸ ಕೆಡುವುದು ಅಲ್ಲೇ.

ಈ ದಾರಿ ನಿಮಗೆ ಒಪ್ಪುತ್ತದೆಯೇ?

ಮೊದಲು ಇದನ್ನು ಕೇಳಿಕೊಳ್ಳಿ. ಸರಾಸರಿ ತಡೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಸಾಧನದ ಅಳತೆ ಕಾಳಿನ ಅಳತೆಗಿಂತ ತುಂಬ ದೊಡ್ಡದಾಗಿರಬೇಕು. ಕೊಳವೆಯ ಅಡ್ಡಗಲದಲ್ಲಿ ನಾಲ್ಕೈದು ಗೋಲಿ ಮಾತ್ರ ಹಿಡಿಯುತ್ತವೆ ಎಂದರೆ ಸರಾಸರಿಗೆ ಬೆಲೆಯಿಲ್ಲ. ಗೋಡೆಯ ಪಕ್ಕದಲ್ಲಿ ಗೋಲಿಗಳು ಸಡಿಲವಾಗಿ ಕೂರುತ್ತವೆ. ಅಲ್ಲಿ ಖಾಲಿ ಜಾಗ ಜಾಸ್ತಿ, ದ್ರವ ಅಲ್ಲೇ ದಾರಿ ಮಾಡಿಕೊಂಡು ಓಡುತ್ತದೆ. ಕೊಳವೆಯ ವ್ಯಾಸ ಗೋಲಿಯ ಹತ್ತು ಪಟ್ಟಿಗಿಂತ ಕಡಿಮೆ ಇದ್ದರೆ ಈ ಗೋಡೆಯ ಪ್ರಭಾವವನ್ನು ಬದಿಗಿಡಲು ಆಗುವುದಿಲ್ಲ.

ಇನ್ನೊಂದು ಮಾತು. ಈ ಮಾದರಿ ಒತ್ತಡ ಎಷ್ಟು ಇಳಿಯುತ್ತದೆ, ಹರಿವು ಎಲ್ಲಿ ಎಷ್ಟು ಹಂಚಿಕೆಯಾಗುತ್ತದೆ ಎಂದು ಚೆನ್ನಾಗಿ ಹೇಳುತ್ತದೆ. ಎರಡು ಗೋಲಿಗಳ ಸಂದಿಯಲ್ಲಿ ವೇಗ ಎಷ್ಟು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಆ ಉತ್ತರವೇ ಬೇಕಿದ್ದರೆ ರಂಧ್ರಗಳನ್ನೇ ಬಿಡಿಸಬೇಕು. ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಎರಡು ಸಂಖ್ಯೆಗಳು ಎಲ್ಲಿಂದ ಬಂದವು

ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ದಿಝೋನ್ ನಗರದ ನೀರು ಸರಬರಾಜಿಗಾಗಿ ದುಡಿದವರು. ಮರಳು ತುಂಬಿದ ಕೊಳವೆಗಳಲ್ಲಿ ನೀರು ಹರಿಸಿ ಅಳತೆ ಮಾಡಿ, ಫಲಿತಾಂಶವನ್ನು 1856ರಲ್ಲಿ ಪ್ರಕಟಿಸಿದರು. ನಿಧಾನದ ಹರಿವಿನಲ್ಲಿ ಒತ್ತಡದ ಇಳಿತ ವೇಗಕ್ಕೆ ನೇರ ಅನುಪಾತದಲ್ಲಿ ಇರುತ್ತದೆ ಎಂಬುದು ಅದರ ಸಾರ. ವೇಗ ಎರಡು ಪಟ್ಟಾದರೆ ಇಳಿತವೂ ಎರಡು ಪಟ್ಟು. ವಸ್ತು ಎಷ್ಟು ಸುಲಭವಾಗಿ ದ್ರವವನ್ನು ಬಿಟ್ಟುಕೊಡುತ್ತದೆ ಎಂಬ ಗುಣಕ್ಕೆ ಪರ್ಮಿಯಬಿಲಿಟಿ ಎನ್ನುತ್ತೇವೆ. ಅದರ ಮಾನ ಚದರ ಮೀಟರ್. ಅವರ ಹೆಸರಿನ ಮಾನವೂ ಇದೆ: 1 ಡಾರ್ಸಿ ಅಂದರೆ ಸುಮಾರು 9.87 × 10⁻¹³ ಚದರ ಮೀಟರ್.

ವೇಗ ಏರಿದಾಗ ಡಾರ್ಸಿ ನಿಯಮ ಸಾಲುವುದಿಲ್ಲ. ದ್ರವ ತಿರುವುಗಳಲ್ಲಿ ದಿಕ್ಕು ಬದಲಿಸಲು, ಅಗಲ ಕಿರಿದಾಗುವಲ್ಲಿ ನುಗ್ಗಲು ಹೆಚ್ಚುವರಿ ಒತ್ತಡ ಬೇಕಾಗುತ್ತದೆ. ಅದು ವೇಗದ ವರ್ಗದ ಜೊತೆ ಏರುತ್ತದೆ. ಫಿಲಿಪ್ ಫೋರ್ಶ್‌ಹೈಮರ್ 1901ರಲ್ಲಿ ಈ ಎರಡನೇ ಪದವನ್ನು ಸೇರಿಸಿದರು. ಇಂದು ಸಿಎಫ್‌ಡಿಯಲ್ಲಿ ನಾವು ಬಳಸುವುದು ಇವೆರಡರ ಮೊತ್ತ:

ಪ್ರತಿ ಮೀಟರ್‌ಗೆ ಒತ್ತಡದ ಇಳಿತ = (ಸ್ನಿಗ್ಧತೆ × ಡಿ × ವೇಗ) + (½ × ಸಾಂದ್ರತೆ × ಎಫ್ × ವೇಗ²)

ಇದರಲ್ಲಿ ಡಿ ಅಂದರೆ 1 ÷ ಪರ್ಮಿಯಬಿಲಿಟಿ. ಅದರ ಮಾನ 1/ಮೀ². ಎಫ್ ಅಂದರೆ ಜಡತ್ವದ ತಡೆ, ಅದರ ಮಾನ 1/ಮೀ. ಓಪನ್‌ಫೋಮ್ ಎಂಬ ಸಿಎಫ್‌ಡಿ ಸಾಫ್ಟ್‌ವೇರ್ ಇವನ್ನು ಡಿ, ಎಫ್ ಎಂದೇ ಕೇಳುತ್ತದೆ. ಆನ್ಸಿಸ್ ಫ್ಲೂಯೆಂಟ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇವನ್ನೇ ವಿಸ್ಕಸ್ ರೆಸಿಸ್ಟೆನ್ಸ್, ಇನರ್ಶಿಯಲ್ ರೆಸಿಸ್ಟೆನ್ಸ್ ಎಂದು ಕೇಳುತ್ತದೆ. ಅರ್ಥ ಒಂದೇ, ಅರ್ಧ ಎಂಬ ಗುಣಕವೂ ಎರಡರಲ್ಲೂ ಇದೆ.

ಈ ಡಿ ಮತ್ತು ಎಫ್ ರಂಧ್ರಗಳ ಆಕಾರಕ್ಕೆ ಸೇರಿದವು, ದ್ರವಕ್ಕೆ ಸೇರಿದವಲ್ಲ. ಇದು ತುಂಬ ಉಪಯೋಗಕ್ಕೆ ಬರುವ ವಿಷಯ. ಕೋಣೆಯ ಗಾಳಿಯಲ್ಲಿ ಅಳತೆ ಮಾಡಿ ಪಡೆದ ಡಿ, ಎಫ್ ಅನ್ನೇ ಬಿಸಿ ಹೊಗೆಗೂ ಬಳಸಬಹುದು, ನೀರಿಗೂ ಬಳಸಬಹುದು. ಆದರೆ ಅಳೆದ ಒತ್ತಡವನ್ನೇ ನೇರವಾಗಿ ಬಳಸುವ ಹಾಗಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಿಂದ 300 ಡಿಗ್ರಿಗೆ ಹೋದರೆ ಗಾಳಿಯ ಸಾಂದ್ರತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸ್ನಿಗ್ಧತೆ ಮಾತ್ರ ಒಂದೂವರೆ ಪಟ್ಟಿಗೂ ಮೇಲೆ ಏರುತ್ತದೆ. ಎರಡು ಪದಗಳೂ ಎದುರು ದಿಕ್ಕಿಗೆ ಜಾರುತ್ತವೆ.

ಸಂಖ್ಯೆ ಹಿಡಿಯುವುದು: ಗೋಲಿಗಳ ರಾಶಿಯಾದರೆ

ಹೆಚ್ಚುಕಡಿಮೆ ಒಂದೇ ಗಾತ್ರದ ದುಂಡು ಕಾಳುಗಳಾದರೆ 1952ರ ಎರ್ಗನ್ ಸಮೀಕರಣ ಸಾಕು. ಅದಕ್ಕೆ ಬೇಕಾದದ್ದು ಎರಡೇ: ಕಾಳಿನ ವ್ಯಾಸ ಮತ್ತು ಪೊರಾಸಿಟಿ. ಒಟ್ಟು ಜಾಗದಲ್ಲಿ ಖಾಲಿ ಇರುವ ಪಾಲೇ ಪೊರಾಸಿಟಿ. ಘನದ ಪಾಲು ಅಂದರೆ ಒಂದರಲ್ಲಿ ಪೊರಾಸಿಟಿ ಕಳೆದರೆ ಉಳಿಯುವುದು.

ಡಿ = 150 × (ಘನದ ಪಾಲು)² ÷ (ಪೊರಾಸಿಟಿ³ × ವ್ಯಾಸ²)

ಎಫ್ = 3.5 × (ಘನದ ಪಾಲು) ÷ (ಪೊರಾಸಿಟಿ³ × ವ್ಯಾಸ)

ಎರ್ಗನ್ ಸಮೀಕರಣದಲ್ಲಿ ಇರುವ ಸಂಖ್ಯೆ 1.75. ನಮ್ಮ ಸೂತ್ರದಲ್ಲಿ ½ ಇರುವುದರಿಂದ ಅದು ಎರಡು ಪಟ್ಟಾಗಿ 3.5 ಆಯಿತು.

ನಮ್ಮ 3 ಮಿಲಿಮೀಟರ್ ಗೋಲಿಗಳಿಗೆ ಪೊರಾಸಿಟಿ 0.4 ಎಂದು ಇಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಡಿ 9.375 ಕೋಟಿ ಬರುತ್ತದೆ, ಎಫ್ 10,937.5 ಬರುತ್ತದೆ. ಗಾಳಿಯ ಸಾಂದ್ರತೆ ಘನ ಮೀಟರ್‌ಗೆ 1.2 ಕೆಜಿ, ಸ್ನಿಗ್ಧತೆ 1.8 × 10⁻⁵ ಪ್ಯಾಸ್ಕಲ್-ಸೆಕೆಂಡ್, ವೇಗ ಸೆಕೆಂಡಿಗೆ 0.5 ಮೀಟರ್ ಎಂದುಕೊಳ್ಳಿ. ಮೊದಲ ಪದ ಮೀಟರ್‌ಗೆ 844 ಪ್ಯಾಸ್ಕಲ್, ಎರಡನೆಯದು 1,641. ಗೋಲಿಯ ಪದರ 10 ಸೆಂಟಿಮೀಟರ್ ದಪ್ಪ ಇದ್ದರೆ ಒಟ್ಟು ಇಳಿತ 248 ಪ್ಯಾಸ್ಕಲ್.

ಈ 248 ಅನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇದೇ ಪದರದಲ್ಲಿ ವೇಗ 0.1ಕ್ಕೆ ಇಳಿಸಿದರೆ ಇಳಿತ 23.4 ಪ್ಯಾಸ್ಕಲ್. 1ಕ್ಕೆ ಏರಿಸಿದರೆ 825. ನಿಧಾನದಲ್ಲಿ ಸುಮಾರು ಮುಕ್ಕಾಲು ಪಾಲು ಡಾರ್ಸಿ ಪದದ್ದು. ವೇಗ ಏರಿದ ಹಾಗೆ ಫೋರ್ಶ್‌ಹೈಮರ್ ಪದ ಮೇಲುಗೈ ಪಡೆಯುತ್ತದೆ. ಕಾಳಿನ ವ್ಯಾಸ ಹಿಡಿದು ರೆನಾಲ್ಡ್ಸ್ ಸಂಖ್ಯೆ (ಸಾಂದ್ರತೆ × ವೇಗ × ವ್ಯಾಸ ÷ ಸ್ನಿಗ್ಧತೆ) ಕಂಡುಹಿಡಿದರೆ ನೀವು ಎಲ್ಲಿದ್ದೀರಿ ಎಂದು ತಿಳಿಯುತ್ತದೆ. ಅದು 1ಕ್ಕಿಂತ ಕಡಿಮೆ ಇದ್ದರೆ ಎಫ್ ಅನ್ನು ಸೊನ್ನೆ ಮಾಡಿದರೂ ನಡೆಯುತ್ತದೆ. 1ರಿಂದ 10ರೊಳಗೆ ಡಾರ್ಸಿ ನಿಯಮ ಸಡಿಲಾಗತೊಡಗುತ್ತದೆ. ನಮ್ಮ 0.5 ಮೀಟರ್ ವೇಗದಲ್ಲಿ ಅದು 100. ಹಾಗಾಗಿ ಇಲ್ಲಿ ಎಫ್ ಬಿಡುವ ಹಾಗೇ ಇಲ್ಲ.

ಪೊರಾಸಿಟಿಯನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಸೂತ್ರದಲ್ಲಿ ಅದು ಮೂರನೇ ಘಾತವಾಗಿ, ಅದೂ ಕೆಳಗಡೆ ಕೂತಿದೆ. 0.40ರ ಬದಲು 0.38 ಇದ್ದರೆ ಅದೇ ಪದರದ ಇಳಿತ 248ರಿಂದ ಸುಮಾರು 303 ಪ್ಯಾಸ್ಕಲ್‌ಗೆ ಹಾರುತ್ತದೆ. ಎರಡು ಶೇಕಡಾಂಶದ ವ್ಯತ್ಯಾಸಕ್ಕೆ ಶೇ. 22 ಏರಿಕೆ! ಗೋಲಿ ತುಂಬಿದ ಪಾತ್ರೆಗೆ ಅಳೆದು ನೀರು ಸುರಿದು, ಎಷ್ಟು ಹಿಡಿಯಿತು ಎಂದು ನೋಡುವುದು ಹಳೆಯ ವಿಧಾನ. ಅಂದಾಜಿಗಿಂತ ಅದೇ ಎಷ್ಟೋ ಮೇಲು.

ಸಂಖ್ಯೆ ಹಿಡಿಯುವುದು: ಅಳತೆ ಇದ್ದರೆ

ಫಿಲ್ಟರ್, ಫೋಮ್, ಜಾಲರಿಗಳಿಗೆ ಎರ್ಗನ್ ಹೊಂದುವುದಿಲ್ಲ. ಅವುಗಳ ಒತ್ತಡವನ್ನು ಬೇರೆಬೇರೆ ವೇಗದಲ್ಲಿ ಅಳೆಯಬೇಕು, ಇಲ್ಲವೇ ತಯಾರಕರಿಂದ ಪಡೆಯಬೇಕು. ಉದಾಹರಣೆಗೆ 20 ಮಿಲಿಮೀಟರ್ ದಪ್ಪದ ಒಂದು ಫಿಲ್ಟರ್‌ನಲ್ಲಿ ಗಾಳಿಯ ವೇಗ 1 ಇದ್ದಾಗ 70 ಪ್ಯಾಸ್ಕಲ್, 2 ಇದ್ದಾಗ 200, 3 ಇದ್ದಾಗ 390 ಬಂತು ಎಂದಿಟ್ಟುಕೊಳ್ಳಿ.

ಪ್ರತಿ ಒತ್ತಡವನ್ನೂ ಅದರದೇ ವೇಗದಿಂದ ಭಾಗಿಸಿ. 70, 100, 130 ಸಿಗುತ್ತದೆ. ವೇಗ ಒಂದು ಏರಿದಂತೆ 30 ಏರುತ್ತಿದೆ, ಅಂದರೆ ಇದು ಸರಳರೇಖೆ. ಏರಿಕೆ 30, ವೇಗ ಸೊನ್ನೆಯಲ್ಲಿ ಉಳಿಯುವುದು 40. ಇನ್ನು ಉಳಿದದ್ದು ಇಷ್ಟೇ:

ಡಿ = 40 ÷ (ಸ್ನಿಗ್ಧತೆ × ದಪ್ಪ) = ಸುಮಾರು 11.1 ಕೋಟಿ

ಎಫ್ = 2 × 30 ÷ (ಸಾಂದ್ರತೆ × ದಪ್ಪ) = 2,500

ಸ್ಪ್ರೆಡ್‌ಶೀಟಿನಲ್ಲಿ ಒತ್ತಡಕ್ಕೆ ನೇರವಾಗಿ ವರ್ಗದ ರೇಖೆ ಹೊಂದಿಸುವವರು ಅದು ಸೊನ್ನೆಯ ಮೂಲಕವೇ ಹಾದುಹೋಗುವಂತೆ ನೋಡಿಕೊಳ್ಳಿ. ಹರಿವೇ ಇಲ್ಲದಾಗ ಒತ್ತಡ ಇಳಿಯುವುದಿಲ್ಲ ಅಲ್ವಾ? ಭಾಗಿಸಿ ರೇಖೆ ಎಳೆಯುವ ದಾರಿಯೇ ನನಗೆ ಇಷ್ಟ. ಬಿಂದುಗಳು ರೇಖೆಯ ಮೇಲೆ ಕೂರದಿದ್ದರೆ ಅಳತೆಯಲ್ಲಿ ಏನೋ ತೊಂದರೆ ಇದೆ ಎಂದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ಋಣ ಸಂಖ್ಯೆ ಬಂದರೆ ಅದನ್ನು ಹಾಗೇ ಸಾಫ್ಟ್‌ವೇರಿಗೆ ಕೊಡಬೇಡಿ. ಋಣ ತಡೆ ಅಂದರೆ ದ್ರವವನ್ನು ತಡೆಯುವ ಬದಲು ತಳ್ಳುವುದು. ಅಳತೆಗೇ ಹಿಂತಿರುಗಿ.

ಒಮ್ಮೆ ನನ್ನ ಕೈಗೆ ಬಂದ ಫಿಲ್ಟರಿನ ಮಾಹಿತಿ ಹಾಳೆಯಲ್ಲಿ ಒಂದೇ ವೇಗದ ಒತ್ತಡ ಇತ್ತು. ಸಮಯ ಇಲ್ಲವೆಂದು ಅಷ್ಟರಲ್ಲೇ ಮುಗಿಸಲು ನೋಡಿದೆ, ಎರಡು ವಾರದ ಕೆಲಸ ಹೋಯಿತು. ಒಂದು ಬಿಂದುವಿನಿಂದ ಎರಡು ಸಂಖ್ಯೆ ಬರುವುದಿಲ್ಲ. ಮೇಲಿನ ಫಿಲ್ಟರ್‌ನಲ್ಲೇ ನೋಡಿ. ವೇಗ 2ರ 200 ಮಾತ್ರ ಗೊತ್ತಿದ್ದು, ತಡೆಯೆಲ್ಲ ಎಫ್‌ನದ್ದು ಎಂದುಕೊಂಡರೆ ವೇಗ 1ರಲ್ಲಿ 50 ಬರುತ್ತದೆ. ಎಲ್ಲ ಡಿಯದ್ದು ಎಂದುಕೊಂಡರೆ 100. ನಿಜವಾದದ್ದು 70. ಕನಿಷ್ಠ ಮೂರು ವೇಗದ ಅಳತೆ ಕೇಳಿ. ಅದೂ ನಿಮ್ಮ ಸಾಧನ ನಡೆಯುವ ವೇಗದ ಆಚೀಚೆ ಇರಲಿ.

ಜಾರುವ ಜಾಗಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಸಾಫ್ಟ್‌ವೇರ್ ಇವುಗಳಲ್ಲಿ ಒಂದಕ್ಕೂ ಎಚ್ಚರಿಕೆ ಕೊಡುವುದಿಲ್ಲ.

ತಲೆಕೆಳಗು. ಪರ್ಮಿಯಬಿಲಿಟಿ ಕೇಳುವಲ್ಲಿ ಡಿ, ಡಿ ಕೇಳುವಲ್ಲಿ ಪರ್ಮಿಯಬಿಲಿಟಿ ಹಾಕುವುದು. ನಮ್ಮ ಗೋಲಿಗಳ ಪರ್ಮಿಯಬಿಲಿಟಿ 1.07 × 10⁻⁸. ಅದನ್ನು ಡಿ ಜಾಗದಲ್ಲಿ ಹಾಕಿದರೆ ಡಾರ್ಸಿ ಪದ ಇಲ್ಲವೇ ಇಲ್ಲ ಎಂಬಂತೆ ದ್ರವ ಸಲೀಸಾಗಿ ಹೋಗುತ್ತದೆ.

ಅರ್ಧದ ಗುಣಕ. ಪ್ರಬಂಧಗಳಲ್ಲಿ ಫೋರ್ಶ್‌ಹೈಮರ್ ಪದವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ½ ಇಲ್ಲದೆ ಬರೆದ ಗುಣಾಂಕವನ್ನು ಹಾಗೇ ಎಫ್‌ಗೆ ಹಾಕಿದರೆ ಜಡತ್ವದ ಪದ ಅರ್ಧವಾಗುತ್ತದೆ. ನಮ್ಮ ಪದರದಲ್ಲಿ 248ರ ಬದಲು 166 ಪ್ಯಾಸ್ಕಲ್ ಬರುತ್ತದೆ. 166 ನೋಡಲು ನಂಬುವಂತೆಯೇ ಇದೆ, ಅದೇ ಅಪಾಯ. ಸ್ಟಾರ್-ಸಿಸಿಎಂ ಪ್ಲಸ್ ಎಂಬ ಸಾಫ್ಟ್‌ವೇರಿನಲ್ಲಿ ಕತೆ ಇನ್ನೂ ಬೇರೆ. ಅಲ್ಲಿ ಕೇಳುವ ಎರಡು ಸಂಖ್ಯೆಗಳ ಒಳಗೆ ಸ್ನಿಗ್ಧತೆ, ಸಾಂದ್ರತೆ, ಅರ್ಧ ಎಲ್ಲವೂ ಸೇರಿರುತ್ತವೆ. ನಮ್ಮ ಗೋಲಿಗಳಿಗೆ ಅಲ್ಲಿ ವಿಸ್ಕಸ್ ತಡೆ 1,687.5 ಮತ್ತು ಇನರ್ಶಿಯಲ್ ತಡೆ 6,562.5 ಎಂದು ಕೊಡಬೇಕು. ದ್ರವ ಬದಲಾದರೆ ಈ ಸಂಖ್ಯೆಗಳೂ ಬದಲಾಗಬೇಕು.

ಯಾವ ವೇಗ? ಇಡೀ ಅಡ್ಡಕೊಯ್ತದ ಮೇಲೆ ಹರಿವನ್ನು ಹಂಚಿದರೆ ಬರುವುದು ಸೂಪರ್‌ಫಿಶಿಯಲ್ ವೇಗ, ಅಂದರೆ ಗೋಲಿಗಳೇ ಇಲ್ಲ ಎಂದುಕೊಂಡಾಗಿನ ವೇಗ. ಸಂದಿಗಳಲ್ಲಿ ನಿಜವಾಗಿ ಇರುವ ಸರಾಸರಿ ವೇಗ ಅದಕ್ಕಿಂತ ಜಾಸ್ತಿ. ನಮ್ಮ 0.5 ಅಲ್ಲಿ 0.5 ÷ 0.4, ಅಂದರೆ 1.25 ಆಗುತ್ತದೆ. ಎರ್ಗನ್ ಬಳಸುವುದು ಸೂಪರ್‌ಫಿಶಿಯಲ್ ವೇಗವನ್ನು. ಫ್ಲೂಯೆಂಟ್ ಕೂಡ ನೀವು ಬೇರೆ ಹೇಳದಿದ್ದರೆ ಅದನ್ನೇ ಬಳಸುತ್ತದೆ. ಹಾಗಿರುವಾಗ ಸ್ಥಿರ ಹರಿವಿನಲ್ಲಿ ಪೊರಾಸಿಟಿ ಎಂಬ ಪೆಟ್ಟಿಗೆಯಲ್ಲಿ ಸಂಖ್ಯೆ ಬದಲಿಸಿದರೆ ಒತ್ತಡ ಬದಲಾಗುವುದಿಲ್ಲ. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಪೊರಾಸಿಟಿಯ ಪ್ರಭಾವ ಆಗಲೇ ಡಿ, ಎಫ್ ಒಳಗೆ ಸೇರಿದೆ.

ಕೊನೆಯದು ಓಪನ್‌ಫೋಮ್ ಬಳಸುವವರಿಗೆ. ಅದರ ಇನ್‌ಕಂಪ್ರೆಸಿಬಲ್ ಸಾಲ್ವರ್‌ಗಳು (ಸಾಂದ್ರತೆ ಬದಲಾಗದು ಎಂದುಕೊಂಡು ಸಮೀಕರಣ ಬಿಡಿಸುವ ಪ್ರೋಗ್ರಾಮ್‌ಗಳು) ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿ ಕೊಡುತ್ತವೆ. ನಮ್ಮ 248 ಪ್ಯಾಸ್ಕಲ್ ಅಲ್ಲಿ 207 ಎಂದು ಕಾಣುತ್ತದೆ. ಗಾಳಿಯಲ್ಲಿ ಈ ವ್ಯತ್ಯಾಸ ಸಣ್ಣದು, ಕಣ್ಣು ತಪ್ಪಿಸುತ್ತದೆ. ನೀರಿನಲ್ಲಿ ಸಾವಿರ ಪಟ್ಟು.

ನೆಟ್ಟಗಿನ ಪೆಟ್ಟಿಗೆಯಲ್ಲಿ ಮೊದಲ ಪರೀಕ್ಷೆ

ನಿಮ್ಮ ನಿಜವಾದ ಸಾಧನದ ಆಕಾರಕ್ಕೆ ಇನ್ನೂ ಕೈ ಹಾಕಬೇಡಿ. ಮೊದಲು ಒಂದು ಉದ್ದ ಪೆಟ್ಟಿಗೆ ಮಾಡಿ. ಓಪನ್‌ಫೋಮ್‌ನಲ್ಲಿ ಹೇಗೆಂದು ಹೇಳುತ್ತೇನೆ. ಬೇರೆ ಸಾಫ್ಟ್‌ವೇರಿನಲ್ಲೂ ಹಂತಗಳು ಇವೇ.

ಪೆಟ್ಟಿಗೆಯ ಉದ್ದ 30 ಸೆಂಟಿಮೀಟರ್. ಮೊದಲ 10 ಖಾಲಿ, ನಡುವಿನ 10 ಪೋರಸ್, ಕೊನೆಯ 10 ಖಾಲಿ. ಮೆಶ್ ಕಟ್ಟುವ ಬ್ಲಾಕ್‌ಮೆಶ್‌ನಲ್ಲಿ ಮೂರು ಬ್ಲಾಕ್ ಬರೆಯಿರಿ. ನಡುವಿನ ಬ್ಲಾಕ್‌ನ ಎಂಟು ಮೂಲೆಗಳ ಪಟ್ಟಿ ಮುಗಿದ ತಕ್ಷಣ, ಸೆಲ್ ಎಣಿಕೆಗೆ ಮೊದಲು, ವಲಯದ ಹೆಸರು ಬರೆದರೆ ಸೆಲ್‌ಝೋನ್ (ಆ ಹೆಸರಿನ ಸೆಲ್‌ಗಳ ಗುಂಪು) ತಾನಾಗಿಯೇ ಸಿದ್ಧವಾಗುತ್ತದೆ. ಮೆಶ್ ಬೇರೆ ಕಡೆಯಿಂದ ತಂದಿದ್ದರೆ ಟೋಪೋಸೆಟ್ ಎಂಬ ಆಜ್ಞೆ ಬಳಸಿ ಒಂದು ಪೆಟ್ಟಿಗೆಯೊಳಗಿನ ಸೆಲ್‌ಗಳನ್ನು ಆರಿಸಿ ವಲಯ ಮಾಡಬಹುದು. ನಂತರ ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಓಡಿಸಿ. ವಲಯದಲ್ಲಿ ಎಷ್ಟು ಸೆಲ್ ಇವೆ, ನೀವು ಅಂದುಕೊಂಡಷ್ಟೇ ಇವೆಯೇ ನೋಡಿ. ಖಾಲಿ ವಲಯಕ್ಕೆ ತಡೆ ಕೊಟ್ಟು ಫಲಿತಾಂಶಕ್ಕಾಗಿ ಕಾಯುವುದು ತುಂಬ ಸಾಮಾನ್ಯವಾದ ತಪ್ಪು.

ಪಕ್ಕದ ಗೋಡೆಗಳಿಗೆ ಸ್ಲಿಪ್ ಕೊಡಿ. ಆಗ ಗೋಡೆಯ ಘರ್ಷಣೆ ಸೇರುವುದಿಲ್ಲ, ಬರುವ ಇಳಿತವೆಲ್ಲ ಪೋರಸ್ ವಲಯದ್ದೇ. ಒಳಬರುವ ವೇಗ 0.5, ಹೊರಹೋಗುವಲ್ಲಿ ಒತ್ತಡ ಸೊನ್ನೆ. ಹರಿವು ಲ್ಯಾಮಿನಾರ್ (ಸುಳಿಗಳಿಲ್ಲದ ನಯವಾದ ಹರಿವು) ಎಂದಿಡಿ. ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿ 1.5 × 10⁻⁵ ಎಂದು ಕೊಡಿ. ಸಾಲ್ವರ್ ಪೋರಸ್‌ಸಿಂಪಲ್‌ಫೋಮ್ ಆದರೆ ಪೊರಾಸಿಟಿಪ್ರಾಪರ್ಟೀಸ್ ಎಂಬ ಕಡತದಲ್ಲಿ ಡಾರ್ಸಿ-ಫೋರ್ಶ್‌ಹೈಮರ್ ಮಾದರಿ ಆರಿಸಿ, ಮೂರು ದಿಕ್ಕಿಗೂ ಅದೇ ಡಿ, ಅದೇ ಎಫ್ ಹಾಕಿ. ಸಿಂಪಲ್‌ಫೋಮ್‌ನಂಥ ಬೇರೆ ಸಾಲ್ವರ್ ಆದರೆ ಇದೇ ಮಾದರಿಯನ್ನು ಎಫ್‌ವಿಆಪ್ಶನ್ಸ್ ಕಡತದ ಮೂಲಕ ಸೇರಿಸಬೇಕು. ಓಪನ್‌ಫೋಮ್‌ನ ಎರಡು ಕವಲುಗಳಲ್ಲಿ ಕಡತದ ಹೆಸರುಗಳು ಬೇರೆಯಾಗಿವೆ. ನಿಮ್ಮ ಆವೃತ್ತಿಯ ಜೊತೆ ಬಂದ ಉದಾಹರಣೆಯನ್ನೇ ನಕಲು ಮಾಡಿಕೊಂಡು ಶುರುಮಾಡಿ.

ಓಡಿಸಿ. ಪದರದ ಮುಂದಿನ ಮತ್ತು ಹಿಂದಿನ ಅಡ್ಡಕೊಯ್ತದಲ್ಲಿ ಸರಾಸರಿ ಒತ್ತಡ ನೋಡಿ. ವ್ಯತ್ಯಾಸ 207ರ ಹತ್ತಿರ ಬರಬೇಕು. 1.2ರಿಂದ ಗುಣಿಸಿದರೆ ನಮ್ಮ 248. ಉದ್ದಕ್ಕೂ ಒತ್ತಡದ ಗೆರೆ ಎಳೆದರೆ ಖಾಲಿ ಭಾಗದಲ್ಲಿ ಮಟ್ಟಸ, ಪೋರಸ್ ಭಾಗದಲ್ಲಿ ನೇರ ಇಳಿಜಾರು ಕಾಣಬೇಕು.

ಅಷ್ಟಕ್ಕೇ ನಿಲ್ಲಿಸಬೇಡಿ. 0.1ಕ್ಕೂ 1ಕ್ಕೂ ಓಡಿಸಿ. 1.2ರಿಂದ ಗುಣಿಸಿದ ಮೇಲೆ 23.4 ಮತ್ತು 825 ಬರಬೇಕು. ಒಂದೇ ವೇಗದಲ್ಲಿ ಡಿಯ ತಪ್ಪನ್ನು ಎಫ್‌ನ ತಪ್ಪು ಮುಚ್ಚಿಹಾಕಬಹುದು. ಮೂರು ವೇಗದಲ್ಲೂ ಹಾಗಾಗುವುದಿಲ್ಲ. ಈ ಪರೀಕ್ಷೆಗೆ ಬೇಕಾಗುವುದು ಅರ್ಧ ಗಂಟೆ. ನಾನು ಈಗಲೂ ಪ್ರತಿ ಹೊಸ ಕೆಲಸಕ್ಕೂ ಇದನ್ನು ಮಾಡುತ್ತೇನೆ.

ದಿಕ್ಕಿಗೊಂದು ತಡೆ

ಗೋಲಿಗಳ ರಾಶಿ ಎಲ್ಲ ದಿಕ್ಕಿಗೂ ಒಂದೇ ತಡೆ ಕೊಡುತ್ತದೆ. ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿರುವುದು ಜೇನುಗೂಡಿನ ಹಾಗೆ ಉದ್ದುದ್ದ ಸಣ್ಣ ಕೊಳವೆಗಳು. ಕೊಳವೆಯ ಉದ್ದಕ್ಕೆ ಹೋಗಬಹುದು, ಅಡ್ಡಕ್ಕೆ ಹೋಗಲಾಗದು. ಇಂಥ ಕಡೆ ಅಡ್ಡ ದಿಕ್ಕಿನ ತಡೆಯನ್ನು ಅನಂತ ಮಾಡಬೇಕು ಎನಿಸುತ್ತದೆ. ಮಾಡಬೇಡಿ, ಲೆಕ್ಕ ಒಮ್ಮುಖವಾಗುವುದಿಲ್ಲ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲುವುದಿಲ್ಲ. ಉದ್ದದ ತಡೆಯ ನೂರು ಪಟ್ಟಿನಿಂದ ಸಾವಿರ ಪಟ್ಟು ಸಾಕು. ಹರಿವು ಅಷ್ಟಕ್ಕೇ ಅಡ್ಡ ಹೋಗುವುದನ್ನು ಬಿಡುತ್ತದೆ.

ಓಪನ್‌ಫೋಮ್‌ನ ಜೊತೆ ಬರುವ ಆ್ಯಂಗಲ್ಡ್ ಡಕ್ಟ್ ಉದಾಹರಣೆಯಲ್ಲಿ ಡಿ ಮೂರು ಸಂಖ್ಯೆಯಾಗಿ ಇದೆ: 5 ಕೋಟಿ, −1000, −1000. ಈ ಋಣ ಚಿಹ್ನೆ ನೋಡಿ ಬೆಚ್ಚುವುದು ಬೇಡ. ಅದು ಋಣ ತಡೆ ಅಲ್ಲ. ದೊಡ್ಡ ಸಂಖ್ಯೆಯ 1000 ಪಟ್ಟು ತೆಗೆದುಕೊ ಎಂದು ಹೇಳುವ ಬಗೆ. ಅದೇ ಉದಾಹರಣೆಯಲ್ಲಿ ನಾಳ 45 ಡಿಗ್ರಿ ಓರೆಯಾಗಿದೆ. ಹಾಗಾಗಿ ತಡೆಯ ದಿಕ್ಕನ್ನು ಹೇಳಲು ಬೇರೆ ಅಕ್ಷಗಳನ್ನು ಕೊಟ್ಟಿದ್ದಾರೆ. ನಿಮ್ಮ ಪದರ ಓರೆಯಾಗಿದ್ದರೆ ನೀವೂ ಕೊಡಲೇಬೇಕು. ಮರೆತರೆ ದ್ರವ ತಪ್ಪು ದಿಕ್ಕಿಗೆ ತಿರುಗಿಕೊಂಡು ಗೋಡೆಗೆ ಬಡಿಯುವುದು ಚಿತ್ರದಲ್ಲೇ ಕಾಣುತ್ತದೆ.

ನಿಜವಾದ ಆಕಾರಕ್ಕೆ ಹೋದಾಗ

ಪೋರಸ್ ವಲಯದ ಒಳಗೆ ಒತ್ತಡ ನೇರವಾಗಿ ಇಳಿಯುವುದರಿಂದ ಅಲ್ಲಿ ಅತಿ ಸಣ್ಣ ಸೆಲ್ ಬೇಕಿಲ್ಲ. ಸೆಲ್ ಜಾಸ್ತಿ ಬೇಕಾಗುವುದು ವಲಯ ಶುರುವಾಗುವ ಮತ್ತು ಮುಗಿಯುವ ಗಡಿಯಲ್ಲಿ. ಅಲ್ಲಿ ಒತ್ತಡದ ಇಳಿಜಾರು ಒಮ್ಮೆಲೇ ಬದಲಾಗುತ್ತದೆ. ಗಡಿಯ ಪಕ್ಕದ ಒಂದೆರಡು ಸೆಲ್‌ಗಳಲ್ಲಿ ವೇಗ ಮೇಲೆ ಕೆಳಗೆ ಕುಣಿಯುವುದನ್ನು ನೋಡಬಹುದು. ಗಡಿಯು ಸೆಲ್‌ಗಳ ಮುಖದ ಮೇಲೇ ಕೂರಬೇಕು, ಸೆಲ್‌ಗಳನ್ನು ಸೀಳಿಕೊಂಡು ಹೋಗಬಾರದು. ಫ್ಲೂಯೆಂಟ್ ಬಳಸುವವರು ಒತ್ತಡಕ್ಕೆ ಪ್ರೆಸ್ಟೊ ಎಂಬ ವಿಧಾನ ಆರಿಸಿ, ಅದು ಇಂಥ ಕಡಿದಾದ ಇಳಿತಕ್ಕೆಂದೇ ಇರುವುದು.

ಬಟ್ಟೆ, ತೆಳು ಜಾಲರಿಯಂಥ ವಸ್ತುವಾದರೆ ಅದಕ್ಕೆ ದಪ್ಪವನ್ನೇ ಬಿಡಿಸಬೇಡಿ. ಒಂದು ಮೇಲ್ಮೈಯಲ್ಲಿ ಒತ್ತಡ ಇಷ್ಟು ಧುಮುಕುತ್ತದೆ ಎಂದು ಹೇಳಿದರೆ ಸಾಕು. ಫ್ಲೂಯೆಂಟ್‌ನಲ್ಲಿ ಇದು ಪೋರಸ್ ಜಂಪ್, ಓಪನ್‌ಫೋಮ್‌ನಲ್ಲಿ ಪೋರಸ್ ಬ್ಯಾಫಲ್. ಮೆಶ್ ಹಗುರವಾಗುತ್ತದೆ, ಲೆಕ್ಕವೂ ಗಟ್ಟಿಯಾಗಿ ನಿಲ್ಲುತ್ತದೆ.

ಲೆಕ್ಕ ಸಿಡಿದು ಹೋದರೆ? ತಡೆ ತುಂಬ ಇದ್ದಾಗ ಇದು ಆಗುತ್ತದೆ. ಡಿ, ಎಫ್ ಎರಡನ್ನೂ ನೂರನೇ ಒಂದು ಪಾಲಿಗೆ ಇಳಿಸಿ ಒಮ್ಮೆ ಓಡಿಸಿ, ಆ ಫಲಿತಾಂಶದಿಂದ ಶುರುಮಾಡಿ ಹತ್ತನೇ ಒಂದು ಪಾಲು, ಆಮೇಲೆ ಪೂರ್ತಿ ಎಂದು ಏರಿಸಿ. ರಿಲ್ಯಾಕ್ಸೇಶನ್ (ಪ್ರತಿ ಸುತ್ತಿನಲ್ಲಿ ಹೊಸ ಉತ್ತರದ ಎಷ್ಟು ಪಾಲು ಸೇರಿಸಬೇಕು ಎಂಬ ಸಂಖ್ಯೆ) ಒತ್ತಡಕ್ಕೆ 0.3, ವೇಗಕ್ಕೆ 0.7 ಎಂದು ಸಾಮಾನ್ಯವಾಗಿ ಇಡುತ್ತೇವೆ, ಬೇಕಾದರೆ ಇನ್ನೂ ಇಳಿಸಿ. ಪೋರಸ್‌ಸಿಂಪಲ್‌ಫೋಮ್‌ನಲ್ಲಿ ತಡೆಯನ್ನು ಇಂಪ್ಲಿಸಿಟ್ ಆಗಿ, ಅಂದರೆ ಹಳೆಯ ವೇಗದಿಂದ ಲೆಕ್ಕ ಹಾಕದೆ ಹೊಸ ವೇಗದ ಜೊತೆಗೇ, ಬಿಡಿಸುವ ಆಯ್ಕೆಯೂ ಇದೆ. ಓರೆ ಅಕ್ಷ, ಹೆಚ್ಚು ತಡೆ ಎರಡೂ ಸೇರಿದಾಗ ಅದೇ ಕೈಹಿಡಿಯುವುದು.

ರೆಸಿಡ್ಯುಯಲ್ (ಸಮೀಕರಣದಲ್ಲಿ ಇನ್ನೂ ಉಳಿದಿರುವ ತಪ್ಪು) ಇಳಿದ ಮಾತ್ರಕ್ಕೆ ಲೆಕ್ಕ ಮುಗಿಯಿತು ಅಂದುಕೊಳ್ಳಬೇಡಿ. ಪದರದ ಆಚೀಚೆಯ ಒತ್ತಡದ ವ್ಯತ್ಯಾಸವನ್ನು ಪ್ರತಿ ಸುತ್ತಿಗೂ ಬರೆಸಿ. ಅದು ಅಲುಗದೆ ನಿಂತಿರಬೇಕು. ಒಳಗೆ ಬಂದಷ್ಟೇ ದ್ರವ್ಯರಾಶಿ ಹೊರಗೆ ಹೋಗುತ್ತಿರಬೇಕು. ಆಮೇಲೆ ಮೆಶ್ ಇನ್ನಷ್ಟು ಸಣ್ಣ ಮಾಡಿ ಮತ್ತೊಮ್ಮೆ ನೋಡಿ.

ಟರ್ಬುಲೆನ್ಸ್ (ಸುಳಿಗಳಿಂದ ಕೂಡಿದ ಹರಿವು) ಮಾದರಿ ಬಳಸುವವರಿಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಸಾಫ್ಟ್‌ವೇರ್ ತಡೆಯನ್ನು ವೇಗದ ಸಮೀಕರಣಕ್ಕೆ ಮಾತ್ರ ಸೇರಿಸುತ್ತದೆ. ಟರ್ಬುಲೆನ್ಸ್ ಸಮೀಕರಣಕ್ಕೆ ಅಲ್ಲಿ ಗೋಲಿಗಳಿವೆ ಎಂದೇ ಗೊತ್ತಿರುವುದಿಲ್ಲ. ಸಣ್ಣ ರಂಧ್ರಗಳು ದೊಡ್ಡ ಸುಳಿಗಳನ್ನು ಕೊಂದುಹಾಕುವ ವಸ್ತುವಾದರೆ ಫ್ಲೂಯೆಂಟ್‌ನಲ್ಲಿ ಆ ವಲಯವನ್ನು ಲ್ಯಾಮಿನಾರ್ ಎಂದು ಗುರುತಿಸುವ ಆಯ್ಕೆ ಇದೆ. ಶಾಖವೂ ಬೇಕಿದ್ದರೆ ದ್ರವ ಮತ್ತು ಘನ ಒಂದೇ ತಾಪದಲ್ಲಿವೆಯೇ ಎಂದು ಮೊದಲು ಯೋಚಿಸಿ. ನಿಧಾನದ ಹರಿವಿಗೆ ಅದು ಸರಿ. ಬಿಸಿ ಗಾಳಿ ತಣ್ಣಗಿನ ಪದರಕ್ಕೆ ನುಗ್ಗುವ ಕ್ಷಣಗಳಿಗೆ ಸರಿಯಲ್ಲ, ಅಲ್ಲಿ ಎರಡು ತಾಪಗಳ ಮಾದರಿ ಬೇಕು.

ರಂಧ್ರಗಳನ್ನೇ ಬಿಡಿಸಬೇಕಾದಾಗ

ಅಳತೆಯೂ ಇಲ್ಲ, ಎರ್ಗನ್ ಕೂಡ ಹೊಂದುವುದಿಲ್ಲ ಎಂಬ ವಸ್ತುಗಳಿವೆ. ಆಗ ಅದರ ಒಂದು ಚಿಕ್ಕ ತುಣುಕನ್ನು ಮೈಕ್ರೋ ಸಿಟಿ ಸ್ಕ್ಯಾನ್ (ಎಕ್ಸ್-ರೇ ಬಳಸಿ ಒಳಗಿನ ಮೂರು ಆಯಾಮದ ಚಿತ್ರ ತೆಗೆಯುವುದು) ಮಾಡಿ, ನಿಜವಾದ ರಂಧ್ರಗಳನ್ನೇ ಮೆಶ್ ಮಾಡಿ ಹರಿವು ಬಿಡಿಸುತ್ತಾರೆ. ಇಂಥ ಚಿತ್ರಗಳಿಗೆ ಲ್ಯಾಟಿಸ್ ಬೋಲ್ಟ್ಸ್‌ಮನ್ ಎಂಬ, ಹರಿವನ್ನು ಚೌಕಗಳ ಜಾಲದ ಮೇಲೆ ಲೆಕ್ಕ ಹಾಕುವ ವಿಧಾನವೂ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಮೆಶ್ ಕಷ್ಟವೇ ಇಲ್ಲ, ಸ್ಕ್ಯಾನಿನ ಚೌಕಗಳೇ ಸಾಕು. ತುಣುಕು ಎಷ್ಟು ದೊಡ್ಡದಿರಬೇಕು ಎಂದು ತಿಳಿಯಲು ಅದನ್ನು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತಾ ಹೋಗಿ. ಪರ್ಮಿಯಬಿಲಿಟಿ ಬದಲಾಗುವುದು ನಿಂತಾಗ ಆ ಗಾತ್ರ ಸಾಕು.

ಗೋಲಿಗಳನ್ನೇ ಬಿಡಿಸುವುದಾದರೆ ತೊಡಕು ಅವು ಒಂದಕ್ಕೊಂದು ತಾಗುವ ಬಿಂದುವಿನಲ್ಲಿ. ಅಲ್ಲಿ ಸಂದಿ ಸೊನ್ನೆಗೆ ಇಳಿಯುವುದರಿಂದ ಸೆಲ್‌ಗಳು ಚಪ್ಪಟೆಯಾಗಿ ಕೆಡುತ್ತವೆ. ಇದರಿಂದ ತಪ್ಪಿಸಿಕೊಳ್ಳಲು ಎಲ್ಲ ಗೋಲಿಗಳನ್ನೂ ಶೇ. 1ರಷ್ಟು ಕುಗ್ಗಿಸುವ ಪದ್ಧತಿ ಇದೆ. ಶೇ. 1 ಏನು ಮಹಾ ಎನಿಸಬಹುದು. ಎರ್ಗನ್‌ಗೆ ಹಾಕಿ ನೋಡಿ. ವ್ಯಾಸ ಶೇ. 1 ಇಳಿದರೆ ಘನದ ಪಾಲು 0.6ರಿಂದ 0.582ಕ್ಕೆ ಇಳಿಯುತ್ತದೆ, ಪೊರಾಸಿಟಿ 0.418 ಆಗುತ್ತದೆ, ಡಾರ್ಸಿ ಪದ ಸುಮಾರು ಶೇ. 16 ಕಡಿಮೆಯಾಗುತ್ತದೆ. ಅದಕ್ಕೇ ನಾನು ಗೋಲಿಗಳನ್ನು ಕುಗ್ಗಿಸುವುದಿಲ್ಲ. ತಾಗುವ ಜಾಗದಲ್ಲಿ ಮಾತ್ರ ಎರಡರ ನಡುವೆ ಒಂದು ಸಣ್ಣ ಸಿಲಿಂಡರ್ ಸೇತುವೆ ಇಡುತ್ತೇನೆ. ಅಲ್ಲಿ ದ್ರವ ಹೇಗೂ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಇಳಿತ ಅಷ್ಟಾಗಿ ಕೆಡುವುದಿಲ್ಲ.

ಹೀಗೆ ಬಿಡಿಸಿದ ತುಣುಕನ್ನು ಮೂರು ನಾಲ್ಕು ವೇಗದಲ್ಲಿ ಓಡಿಸಿ. ಪ್ರತಿ ಒತ್ತಡವನ್ನೂ ವೇಗದಿಂದ ಭಾಗಿಸಿ ರೇಖೆ ಎಳೆಯಿರಿ. ಫಿಲ್ಟರಿಗೆ ಮಾಡಿದ ಹಾಗೆಯೇ ಡಿ, ಎಫ್ ಹೊರಗೆ ಬರುತ್ತವೆ. ಅವನ್ನು ತೆಗೆದುಕೊಂಡು ಮತ್ತೆ ಆ 30 ಸೆಂಟಿಮೀಟರ್ ಪೆಟ್ಟಿಗೆಗೆ ಹೋಗಿ.